ಕೆಲಸ ಹುಡುಕೋಕೆ ಮೊದಲು ಒಂದು ನೋಟ್‌ಬುಕ್ ತನ್ನಿ

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಕಂಡ ಕಂಡಲ್ಲೆಲ್ಲ ಅರ್ಜಿ ಹಾಕಿದ್ದೆ. ಒಂದು ದಿನ ಫೋನ್ ಬಂತು. "ನಮ್ಮಲ್ಲಿ ಯಾವ ಕೆಲಸಕ್ಕೆ ಅಪ್ಲೈ ಮಾಡಿದ್ರಿ?" ನೆನಪೇ ಆಗಲಿಲ್ಲ, ತಡವರಿಸಿದೆ. "ಆಯ್ತು, ತಿಳಿಸ್ತೀವಿ" ಅಂದವರು ಮತ್ತೆ ಫೋನ್ ಮಾಡಲಿಲ್ಲ.

ಅವತ್ತು ಸಂಜೆಯೇ ನೋಟ್‌ಬುಕ್ ತಂದು ಗೆರೆ ಎಳೆದೆ. ಕಂಪನಿ, ಕೆಲಸ, ಅರ್ಜಿ ಹಾಕಿದ ದಿನ, ಮಾತಾಡಿದವರ ಹೆಸರು, ಮತ್ತೆ ವಿಚಾರಿಸಬೇಕಾದ ದಿನ. ಕೊನೆಯ ಕಾಲಂ ಬಿಡಲೇಬೇಡಿ. ಅರ್ಜಿ ಹಾಕಿ ವಾರವಾದ ಮೇಲೆ ಒಂದು ಫೋನ್ ಮಾಡಿ. ಅದರಲ್ಲಿ ಸಂಕೋಚ ಏನೂ ಬೇಡ.

ಆಮೇಲೆ ರೆಸ್ಯೂಮೆ. ಹೊಸಬರಿಗೆ ಒಂದೇ ಪುಟ ಸಾಕು. 'ಲೇತ್ ಗೊತ್ತು' ಅಂತ ಸುಮ್ನೆ ಬರೆದರೆ ಯಾರೂ ನಂಬುವುದಿಲ್ಲ. 'ವರ್ಕ್‌ಶಾಪ್‌ನಲ್ಲಿ ಲೇತ್ ಮೇಲೆ ಟರ್ನಿಂಗ್, ಥ್ರೆಡ್ಡಿಂಗ್ ಮಾಡಿದ್ದೇನೆ, ವರ್ನಿಯರ್, ಮೈಕ್ರೋಮೀಟರ್‌ನಲ್ಲಿ ಅಳತೆ ತೆಗೆಯುತ್ತೇನೆ' ಅಂತ ಬರೆಯಿರಿ. ಮೊಬೈಲ್ ನಂಬರ್ ಇನ್ನೊಮ್ಮೆ ನೋಡಿ.

ನೌಕ್ರಿ, ಲಿಂಕ್ಡ್‌ಇನ್ ಇರಲಿ. ಕೇಂದ್ರ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್‌ನಲ್ಲೂ ಹೆಸರು ನೋಂದಾಯಿಸಿ, ದುಡ್ಡು ಕೊಡಬೇಕಿಲ್ಲ. ಆದರೆ ಸಣ್ಣ ವರ್ಕ್‌ಶಾಪ್‌ಗಳ ಎಷ್ಟೋ ಕೆಲಸಗಳು ಆನ್‌ಲೈನ್‌ಗೆ ಬರುವುದೇ ಇಲ್ಲ. ಹಸಿರು ಮಾರ್ಗದ ಮೆಟ್ರೋದಲ್ಲಿ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದು ಒಳರಸ್ತೆಗಳಲ್ಲಿ ನಡೆಯಿರಿ. 'ಸಿಎನ್‌ಸಿ ಆಪರೇಟರ್, ಫಿಟ್ಟರ್ ಬೇಕಾಗಿದ್ದಾರೆ' ಅನ್ನುವ ಬೋರ್ಡುಗಳು ಗೇಟಿನ ಮೇಲೇ ನೇತಾಡುತ್ತಿರುತ್ತವೆ. ಸೆಕ್ಯುರಿಟಿ ಅಣ್ಣನನ್ನು ಮಾತಾಡಿಸಿ. ಯಾರನ್ನು ನೋಡಬೇಕು, ಎಷ್ಟು ಹೊತ್ತಿಗೆ ಬರಬೇಕು ಅನ್ನೋದು ಅವರಿಗೆ ಗೊತ್ತಿರುತ್ತೆ. ಜೆರಾಕ್ಸ್ ಪ್ರತಿಗಳು ಕೈಯಲ್ಲೇ ಇರಲಿ.

ಸೀನಿಯರ್‌ಗಳಿಗೂ ಫೋನ್ ಮಾಡಿ. "ಅಣ್ಣಾ, ಕೆಲಸ ಕೊಡಿಸಿ" ಅಂದರೆ ಅವರಿಗೂ ಕಷ್ಟ. "ನಿಮ್ಮ ಕಡೆ ಯಾವ ಪೋಸ್ಟ್ ಖಾಲಿ ಇದೆ, ಯಾರ ಹತ್ರ ಮಾತಾಡಲಿ?" ಅಂತ ಕೇಳಿದರೆ ಉತ್ತರ ಕೊಡೋದು ಸುಲಭ ಅಲ್ವಾ?

ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗಲಿಲ್ಲವೆಂದರೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯೋಜನೆ ಯುವನಿಧಿಗೆ ಅರ್ಜಿ ಹಾಕಿ. ಅರ್ಹರಾದ ಡಿಪ್ಲೊಮಾದವರಿಗೆ ತಿಂಗಳಿಗೆ 1,500 ರೂಪಾಯಿ, ಪದವೀಧರರಿಗೆ 3,000, ಹೆಚ್ಚೆಂದರೆ ಎರಡು ವರ್ಷ. ಓಡಾಟದ ಖರ್ಚಿಗಾದರೂ ಆಗುತ್ತದೆ.

ಡೆಪಾಸಿಟ್, ಟ್ರೇನಿಂಗ್ ಫೀಸ್ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಆನ್‌ಲೈನ್‌ನಲ್ಲಿ ಕೊಟ್ಟು ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇಂಟರ್‌ವ್ಯೂ ಮುಗಿದ ಮೇಲೆ ನೀವೂ ಕೇಳಿ: ಕೈಗೆ ಸಿಗುವ ಸಂಬಳ ಎಷ್ಟು, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ವಿಮೆ) ಇದೆಯಾ, ಶಿಫ್ಟ್ ಹೇಗೆ? ಗೇಟಿನಿಂದ ಹೊರಗೆ ಬಂದ ಕೂಡಲೇ ಬಸ್‌ಸ್ಟಾಪಿನಲ್ಲೇ ನಿಂತು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.