ಚಿಕ್ಕಮಗಳೂರಿನಲ್ಲಿ ಹಾರ್ಡ್‌ನೆಕ್ ಬೆಳ್ಳುಳ್ಳಿ: ನನ್ನ ಅನುಭವ
ನಡುವೆ ಗಟ್ಟಿ ದಂಟು, ಅದರ ಸುತ್ತ ಒಂದೇ ಸಾಲಿನಲ್ಲಿ ಕುಳಿತ ಕೆಲವೇ ದಪ್ಪ ಎಸಳುಗಳು, ಸುಲಭವಾಗಿ ಬಿಟ್ಟುಕೊಳ್ಳುವ ಸಿಪ್ಪೆ, ಇವು ಹಾರ್ಡ್‌ನೆಕ್ ಬೆಳ್ಳುಳ್ಳಿಯ ಗುರುತು. ಇದು ಚಳಿನಾಡಿನ ಬೆಳೆ. ಕೆಲವು ವಾರ 10 ಡಿಗ್ರಿಗಿಂತ ಕಡಿಮೆ ತಂಪು ತಾಗದಿದ್ದರೆ ಗರಿ ಸೊಂಪಾಗಿ ಬಂದರೂ ಗೆಡ್ಡೆಯು ಎಸಳುಗಳಾಗಿ ಒಡೆಯದೆ ಒಂಟಿ ಉಂಡೆಯಾಗಿಯೇ ಉಳಿಯಬಹುದು. ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿರುವ ನಮ್ಮೂರಿನಲ್ಲಿಯೂ ಅಷ್ಟು ಚಳಿ ವಾರಗಟ್ಟಲೆ ನಿಲ್ಲುವುದಿಲ್ಲ. ಮೇಲಾಗಿ ಇಂಥ ಗುಡ್ಡಗಾಡಿನ ತಳಿಗಳು ಉದ್ದ ಹಗಲನ್ನು ಬೇಡುತ್ತವೆ. ಇಲ್ಲಿ ಜೂನ್ ತಿಂಗಳಲ್ಲಿಯೂ ಹಗಲು 13 ಗಂಟೆ ದಾಟುವುದಿಲ್ಲ. ನಾಟಿಗೆ ಮುನ್ನ ಚಳಿ ಕೊಟ್ಟರೆ ಹಗಲಿನ ಬೇಡಿಕೆಯೂ ತುಸು ತಗ್ಗುತ್ತದೆ ಎಂಬ ಭರವಸೆಯ ಮೇಲೆ ನಾನು ಈ ಕೆಲಸಕ್ಕೆ ಇಳಿದೆ.

ಹಿಮಾಚಲ ಪ್ರದೇಶದ ಕುಲ್ಲು ಕಡೆಯಿಂದ ಪರಿಚಿತರೊಬ್ಬರು ತಂದುಕೊಟ್ಟ ಗೆಡ್ಡೆಗಳನ್ನು ಬಿಡಿಸದೆ, ಕಾಗದದ ಚೀಲಕ್ಕೆ ತುಂಬಿ, ಸೆಪ್ಟೆಂಬರ್ ಮೊದಲಿನಿಂದ ಏಳೆಂಟು ವಾರ ಫ್ರಿಜ್ಜಿನಲ್ಲಿ ತರಕಾರಿಯ ಜೊತೆ ಇಟ್ಟೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೆವೆತು ಬೂಷ್ಟು ಹಿಡಿಯುತ್ತದೆ. ಹೊರತೆಗೆದ ಬೆಳ್ಳುಳ್ಳಿಯನ್ನು ದಿನಗಟ್ಟಲೆ ಬೆಚ್ಚಗಿನ ಜಾಗದಲ್ಲಿ ಬಿಟ್ಟರೆ ಕೊಟ್ಟ ಚಳಿ ವ್ಯರ್ಥವಾಗುವುದರಿಂದ ಮಡಿಯನ್ನು ಮೊದಲೇ ಸಿದ್ಧಪಡಿಸಿಕೊಂಡಿರಬೇಕು. ನಮ್ಮದು ಕಾಫಿ ತೋಟದ ಅಂಚಿನ ಹುಳಿ ಮಣ್ಣು. ಬೆಳ್ಳುಳ್ಳಿಗೆ 6ರಿಂದ 7ರ ನಡುವಿನ ರಸಸಾರ (pH) ಒಗ್ಗುವುದರಿಂದ ಕೃಷಿ ಸುಣ್ಣ ಬೆರೆಸಿ, ಕೊಳೆತ ಕೊಟ್ಟಿಗೆ ಗೊಬ್ಬರ ಹಾಕಿ, ಮರದ ನೆರಳು ಬೀಳದ ಕಡೆ ಏರುಮಡಿ ಮಾಡಿದೆ. ಮಳೆ ಹಿಂದೆ ಸರಿದ ನವೆಂಬರ್ ಆರಂಭದಲ್ಲಿ ದಪ್ಪ ಎಸಳುಗಳನ್ನಷ್ಟೇ ಆರಿಸಿ, ಮೊನೆ ಮೇಲಾಗಿ, 2 ಇಂಚು ಆಳಕ್ಕೆ, ಆರಾರು ಇಂಚು ಅಂತರದಲ್ಲಿ ಊರಿ ತರಗೆಲೆ ಹೊದಿಸಿದೆ.

ಹೂದಂಟು ಎಲ್ಲ ಗಿಡಗಳಲ್ಲಿಯೂ ಬರಲಿಲ್ಲ. ಬಂದುದನ್ನು ಸುರುಳಿ ಸುತ್ತಿಕೊಂಡಿರುವಾಗಲೇ, ಇನ್ನೂ ಎಳೆಯದಾಗಿರುವಾಗ ಕತ್ತರಿಸಬೇಕು. ಇಲ್ಲವಾದರೆ ಗಿಡದ ಸಾರವೆಲ್ಲ ಹೂವಿಗೆ ಹೋಗಿ ಗೆಡ್ಡೆ ಸಣ್ಣದಾಗುತ್ತದೆ. ನನಗೆ ಈ ಬೆಳೆಯ ನಿಜವಾದ ಲಾಭವೆಂದರೆ ಈ ದಂಟೇ. ಗೆಡ್ಡೆಗಳು ತಂದವುಗಳಿಗಿಂತ ಚಿಕ್ಕವಾಗಿಯೇ ಬಂದವು, ಮತ್ತು ಎಕರೆಗಟ್ಟಲೆ ಬೆಳೆಯುವವರಿಗೆ ಫ್ರಿಜ್ಜಿನ ಲೆಕ್ಕಾಚಾರ ಒಗ್ಗುವಂಥದ್ದೂ ಅಲ್ಲ. ಮಾರಾಟಕ್ಕಾದರೆ ನಮ್ಮ ಕಡೆಯ ಮಾಮೂಲು ಬೆಳ್ಳುಳ್ಳಿಯೇ ಸರಿ.

ದಂಟನ್ನು ಸಣ್ಣಗೆ ಹೆಚ್ಚಿ, ಕಾಯಿತುರಿ ಮತ್ತು ಹಸಿಮೆಣಸಿನೊಂದಿಗೆ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸಿದರೆ ಈರುಳ್ಳಿ ಬೇಕಾಗುವುದಿಲ್ಲ. ಬೀನ್ಸಿನಂತೆ ಪಲ್ಯವನ್ನೂ ಮಾಡಬಹುದು, ಆದರೆ ಹೆಚ್ಚು ಬೇಯಿಸಿದರೆ ನಾರಾಗುತ್ತದೆ. ಎಸಳಿನ ಖಾರ ಬೇಕಾದಾಗ ಜಜ್ಜಿ ಹತ್ತು ನಿಮಿಷ ಬಿಟ್ಟು ಆಮೇಲೆ ಒಗ್ಗರಣೆಗೆ ಹಾಕುತ್ತೇವೆ, ಏಕೆಂದರೆ ಜಜ್ಜಿದಾಗಲೇ ಹುಟ್ಟುವ ಆ ಘಾಟನ್ನು ತಯಾರಿಸುವ ಕಿಣ್ವವು ಬಿಸಿ ತಾಗಿದೊಡನೆ ಕೆಲಸ ನಿಲ್ಲಿಸುತ್ತದೆ. ಹುರುಳಿ ಬಸ್ಸಾರಿಗೆ ಹೀಗೆ. ಕಡುಬಿನ ಚಟ್ನಿಗಾದರೆ ಇಡೀ ಗೆಡ್ಡೆಯನ್ನೇ ಕೆಂಡದಲ್ಲಿ ಸುಟ್ಟು, ಮೆತ್ತಗಾಗಿ ಸಿಹಿಯಾದ ಎಸಳನ್ನು ಒಣಮೆಣಸು, ಹುಣಸೆಹಣ್ಣು, ಉಪ್ಪಿನೊಡನೆ ಅರೆಯುತ್ತೇವೆ. ಈ ಬೆಳ್ಳುಳ್ಳಿ ಮೆತ್ತನೆ ಕತ್ತಿನ, ಅಂದರೆ ನಡುವೆ ಗಟ್ಟಿ ದಂಟಿಲ್ಲದ ಬೆಳ್ಳುಳ್ಳಿಯಷ್ಟು ಕಾಲ ಬಾಳುವುದಿಲ್ಲ. ಮಲೆನಾಡಿನ ಜೂನ್ ತೇವದಲ್ಲಿ ಬೇಗ ಮುಗ್ಗುವುದರಿಂದ, ಬೀಜಕ್ಕೆ ಬೇಕಾದಷ್ಟನ್ನು ಅಟ್ಟದ ಮೇಲೆ ಗಾಳಿಗೆ ಕಟ್ಟಿ, ಉಳಿದುದನ್ನು ಮಳೆ ಹಿಡಿಯುವ ಮೊದಲೇ ನಿಂಬೆರಸದಲ್ಲಿ ಉಪ್ಪಿನಕಾಯಿ ಹಾಕುತ್ತೇವೆ.