ಹೇಳಿ ಮಾಡಿಸುವ ಅಕೌಸ್ಟಿಕ್ ಗಿಟಾರ್: ತಯಾರಕರನ್ನು ಆರಿಸುವ ಬಗೆ

ಅಕೌಸ್ಟಿಕ್ ಗಿಟಾರೊಂದನ್ನು ಹೇಳಿ ಮಾಡಿಸಿಕೊಳ್ಳಬೇಕೆಂದು ಮನಸ್ಸು ಮಾಡಿದವರಲ್ಲಿ ಹೆಚ್ಚಿನವರು ಮೊದಲು ಮರದ ವಿಚಾರಕ್ಕೆ ಕೈಹಾಕುತ್ತಾರೆ. ಹಿಂಬದಿಗೆ ಬೀಟೆಯೋ ಮಹಾಗನಿಯೋ, ಮೇಲ್ಹಲಗೆಗೆ ಸ್ಪ್ರೂಸೋ ಸೀಡರೋ ಎಂಬ ಲೆಕ್ಕಾಚಾರದಲ್ಲೇ ತಿಂಗಳುಗಳು ಉರುಳುತ್ತವೆ. ಆ ಮರವನ್ನು ಸೀಳಿ, ಬಾಗಿಸಿ, ಜೋಡಿಸುವ ಕೈ ಯಾರದು ಎಂಬ ಪ್ರಶ್ನೆ ಕಟ್ಟಕಡೆಗೆ ಬರುತ್ತದೆ. ಈ ಕ್ರಮ ತಿರುವುಮುರುವಾಗಬೇಕು. ಮೊದಲು ತಯಾರಕರನ್ನು ಆರಿಸಬೇಕು, ಆಮೇಲೆ ಅವರೊಡನೆ ಕುಳಿತು ಮರವನ್ನು ನಿರ್ಧರಿಸಬೇಕು.

ಹೀಗೆ ಹೇಳುವುದಕ್ಕೆ ಆಧಾರವಿದೆ. ಇಂದಿನ ಕ್ಲಾಸಿಕಲ್ ಗಿಟಾರಿನ ರೂಪವನ್ನು ನೆಲೆಗೊಳಿಸಿದ ಸ್ಪೇನಿನ ಅಂತೋನಿಯೊ ದೆ ತೋರೆಸ್ ಅವರು 1862ರಲ್ಲಿ ಒಂದು ಗಿಟಾರಿನ ಹಿಂಬದಿಯನ್ನೂ ಪಕ್ಕಗಳನ್ನೂ ಮರದ ಬದಲು ಕಾಗದದ ರಟ್ಟಿನಿಂದ ಮಾಡಿ, ನಾದವನ್ನು ಮುಖ್ಯವಾಗಿ ಹುಟ್ಟಿಸುವುದು ಮೇಲ್ಹಲಗೆ ಎಂದು ತೋರಿಸಿಕೊಟ್ಟರು. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಹಿಂಬದಿ ಮತ್ತು ಪಕ್ಕದ ಮರವೊಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಬಗೆಯಾಗಿದ್ದ ಆರು ಗಿಟಾರುಗಳನ್ನು 52 ವಾದಕರ ಕೈಗೆ ಕೊಟ್ಟು, ಮರ ಕಾಣದಂತೆ ಮಾಡಿ ನುಡಿಸಲು ಹೇಳಿದರು. ಅತಿ ದುಬಾರಿಯಾದ ಬ್ರೆಜಿಲ್ ರೋಸ್‌ವುಡ್‌ನಿಂದ ಹಿಡಿದು ಅಗ್ಗದ ಸಪೇಲಿಯವರೆಗೆ ಎಲ್ಲಕ್ಕೂ ವಾದಕರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಮರಕ್ಕೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. ಮೇಲ್ಹಲಗೆಯನ್ನು ಎಷ್ಟು ತೆಳುವಾಗಿ ಹೆರೆಯಬೇಕು, ಅದರ ಒಳಗೆ ಅಂಟಿಸುವ ಬ್ರೇಸ್‌ ಪಟ್ಟಿಗಳನ್ನು ಎಲ್ಲಿ ಎಷ್ಟು ಕೆತ್ತಬೇಕು ಎಂಬ ಕೈಯ ತಿಳಿವಳಿಕೆಯ ಮುಂದೆ ಹಿಂಬದಿಯ ಮರ ಎರಡನೆಯ ಮಾತು. ಮೂರು ಮಿಲಿಮೀಟರಿನ ಆಸುಪಾಸಿನ ಹಲಗೆಯೊಂದು ಸುಮಾರು 70 ಕಿಲೋಗ್ರಾಂನಷ್ಟು ತಂತಿಗಳ ಎಳೆತವನ್ನು ದಶಕಗಟ್ಟಲೆ ತಾಳಿಕೊಳ್ಳಬೇಕು, ಜೊತೆಗೆ ಸಣ್ಣ ಮೀಟಿಗೂ ಕಂಪಿಸಬೇಕು. ಗಟ್ಟಿ ಮಾಡಿದರೆ ನಾದ ಕುಂದುತ್ತದೆ, ತೆಳು ಮಾಡಿದರೆ ಹಲಗೆ ಉಬ್ಬುತ್ತದೆ. ಈ ಎರಡರ ನಡುವೆ ಪ್ರತಿಯೊಬ್ಬ ಒಳ್ಳೆಯ ತಯಾರಕರೂ ತಮ್ಮದೇ ಒಂದು ನೆಲೆಯನ್ನು ಕಂಡುಕೊಂಡಿರುತ್ತಾರೆ, ಅವರ ವಾದ್ಯಗಳ ನಾದಕ್ಕೆ ಅದರಿಂದಲೇ ಒಂದು ಗುರುತು ಬರುತ್ತದೆ.

ಆದ್ದರಿಂದ ಒಬ್ಬರ ಬಳಿ ಹೋಗಿ ಇನ್ನೊಬ್ಬರ ನಾದವನ್ನು ಕೇಳಬಾರದು. ಮಂದ್ರದಲ್ಲಿ ಗುಡುಗುವ, ಮೈ ದೊಡ್ಡದಾದ ಡ್ರೆಡ್‌ನಾಟ್ ಮಾಡುವುದರಲ್ಲಿ ಹೆಸರಾದವರಿಗೆ ಮೃದುವಾದ, ಬೆರಳಿನಲ್ಲಿ ಮೀಟುವ ಚಿಕ್ಕ ಗಿಟಾರನ್ನು ಮಾಡಿಕೊಡಿ ಎಂದರೆ ಅವರು ಒಪ್ಪಿಕೊಂಡಾರು, ಆದರೆ ನೀವು ಅವರ ಪ್ರಯೋಗಕ್ಕೆ ಹಣ ಕೊಟ್ಟಂತಾಗುತ್ತದೆ. ಅವರು ಈಗಾಗಲೇ ಮಾಡುತ್ತಿರುವ ವಾದ್ಯ ನಿಮಗೆ ಇಷ್ಟವಾಗಿದ್ದರೆ ಮಾತ್ರ ಮುಂದುವರಿಯಿರಿ.

ಹುಡುಕಾಟಕ್ಕೆ ಹೊರಡುವ ಮೊದಲು ನಿಮಗೇನು ಬೇಕೆಂಬುದು ನಿಮಗೆ ಗೊತ್ತಿರಬೇಕು. ಸ್ಟೀಲ್ ತಂತಿಯ ಗಿಟಾರೂ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರೂ ಒಳಗಿನ ಕಟ್ಟಡದಲ್ಲಿ ಬೇರೆ ಬೇರೆ ವಿದ್ಯೆಗಳು. ಎರಡರಲ್ಲೂ ಪಳಗಿದವರು ಕಡಿಮೆ. ಗಾಯಕರ ಶ್ರುತಿಗೆ ತಕ್ಕಂತೆ ನೆಕ್ಕಿನ ಮೇಲೆ ತಂತಿಗಳನ್ನು ಒತ್ತಿಹಿಡಿಯುವ ಕೇಪೋ ಹಾಕಿಕೊಂಡು ಭಾವಗೀತೆಗಳಿಗೆ ಸಾಥ್ ಕೊಡುವವರಿಗೆ ಬೇಕಾದ ವಾದ್ಯ ಬೇರೆ, ಒಬ್ಬರೇ ಕುಳಿತು ಬೆರಳುಗಳಿಂದ ನುಡಿಸುವವರಿಗೆ ಬೇಕಾದದ್ದು ಬೇರೆ. ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ನುಡಿಸುವವರು ಗಮಕಕ್ಕಾಗಿ ತಂತಿಯನ್ನು ಪಕ್ಕಕ್ಕೆ ಎಳೆಯುವುದರಿಂದ, ತಂತಿಯನ್ನು ಒತ್ತುವ ಹಲಗೆಯಾದ ಫಿಂಗರ್‌ಬೋರ್ಡಿನ ಉಬ್ಬು ಕಡಿಮೆ ಇರುವಂತೆ, ಎಂದರೆ 16 ಇಂಚು ಅಥವಾ ಅದಕ್ಕಿಂತ ಹೆಚ್ಚಿನ ತ್ರಿಜ್ಯ ಇರುವಂತೆ ಕೇಳಿಕೊಳ್ಳುವುದು ಒಳ್ಳೆಯದು. ಉಬ್ಬು ಹೆಚ್ಚಾದರೆ ಎಳೆದ ತಂತಿ ಮುಂದಿನ ಫ್ರೆಟ್ಟಿಗೆ, ಎಂದರೆ ಲೋಹದ ಅಡ್ಡಪಟ್ಟಿಗೆ, ತಗುಲಿ ಸ್ವರ ಸತ್ತುಹೋಗುತ್ತದೆ. ಈಗ ನುಡಿಸುತ್ತಿರುವ ಗಿಟಾರಿನಲ್ಲಿ ನೆಕ್ಕಿನ ಮೇಲ್ತುದಿಗೆ ತಂತಿಗಳು ಕೂರುವ ನಟ್ ಪಟ್ಟಿಯ ಅಗಲವನ್ನೂ, ನಟ್‌ನಿಂದ, ಮೇಲ್ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜಿನಲ್ಲಿರುವ ಸ್ಯಾಡಲ್ ಪಟ್ಟಿಯವರೆಗಿನ ತಂತಿಯ ಉದ್ದವನ್ನೂ ಅಳೆದಿಟ್ಟುಕೊಳ್ಳಿ. ಸ್ಟೀಲ್ ತಂತಿಯ ಗಿಟಾರುಗಳಲ್ಲಿ ನಟ್ ಸಾಮಾನ್ಯವಾಗಿ 43ರಿಂದ 45 ಮಿಲಿಮೀಟರ್, ಕ್ಲಾಸಿಕಲ್‌ನಲ್ಲಿ 52ರ ಆಸುಪಾಸು. ಕಾಗದದ ಮೇಲೆ ಒಂದೂವರೆ ಮಿಲಿಮೀಟರಿನ ವ್ಯತ್ಯಾಸ ಏನೂ ಅಲ್ಲವೆನಿಸುತ್ತದೆ, ಆದರೆ ಎಡಗೈ ಅದನ್ನು ಮೊದಲ ಕಾರ್ಡಿನಲ್ಲೇ ಗುರುತಿಸುತ್ತದೆ.

ಇನ್ನು ಆಯ್ಕೆಯ ವಿಚಾರ. ತಯಾರಕರ ಕಾರ್ಯಾಗಾರದಲ್ಲಿ ಆಗಷ್ಟೇ ಮುಗಿದ ಗಿಟಾರನ್ನು ನುಡಿಸಿ ಮನಸೋಲುವುದು ಸುಲಭ. ಹೊಸ ವಾದ್ಯ ಎಲ್ಲರ ಕೈಯಲ್ಲೂ ಚೆಂದವೇ. ಅವರು ಐದಾರು ವರ್ಷಗಳ ಹಿಂದೆ ಮಾಡಿದ, ಈಗ ಯಾರೋ ದಿನವೂ ನುಡಿಸುತ್ತಿರುವ ಗಿಟಾರನ್ನು ಹುಡುಕಿಕೊಂಡು ಹೋಗಿ ನೋಡಬೇಕು. ಅಂಥ ಒಂದಾದರೂ ವಾದ್ಯದ ಒಡೆಯರ ಪರಿಚಯ ಮಾಡಿಕೊಡಿ ಎಂದು ತಯಾರಕರನ್ನೇ ಕೇಳಿ. ಆತ್ಮವಿಶ್ವಾಸವುಳ್ಳವರು ಸಂತೋಷದಿಂದ ಮಾಡಿಕೊಡುತ್ತಾರೆ. ಹಿಂಜರಿದರೆ ಕಾರಣವೇನೆಂದು ಕೇಳಲು ಸಂಕೋಚ ಬೇಡ.

ಆ ಹಳೆಯ ಗಿಟಾರ್ ಕೈಗೆ ಬಂದಾಗ ನುಡಿಸುವುದಕ್ಕೂ ಮೊದಲು ನೋಡಬೇಕಾದದ್ದಿದೆ. ಸುಮಾರು ಎರಡಡಿ ಉದ್ದದ ಒಂದು ನೇರ ಸ್ಟೀಲ್ ಸ್ಕೇಲನ್ನು ಮೂರನೆಯ ಮತ್ತು ನಾಲ್ಕನೆಯ ತಂತಿಗಳ ನಡುವೆ ಫ್ರೆಟ್ಟುಗಳ ಮೇಲೆ ಉದ್ದಕ್ಕೆ ಇಟ್ಟು, ಅದರ ತುದಿ ಬ್ರಿಡ್ಜ್‌ವರೆಗೆ ಹೋಗುವಂತೆ ಮಾಡಿ. ತುದಿಯು ಬ್ರಿಡ್ಜಿನ ಮರದ ಮೇಲ್ಮೈಗೆ ಸವರಿದಂತೆ ಬಂದರೆ ನೆಕ್ಕಿನ ಕೋನ ಸರಿಯಿದೆ. ಬ್ರಿಡ್ಜಿನ ಮುಂಬದಿಗೆ ತಾಗಿ ನಿಂತರೆ ತಂತಿಯ ಎಳೆತಕ್ಕೆ ಕಟ್ಟಡ ಆಗಲೇ ಮಣಿದಿದೆ ಎಂದರ್ಥ. ಬ್ರಿಡ್ಜಿನ ಹಿಂದೆ ಮೇಲ್ಹಲಗೆ ತುಸು ಉಬ್ಬಿರುವುದು ಸಹಜ, ಆದರೆ ಹಿಂದೆ ಉಬ್ಬು, ಮುಂದೆ ತಗ್ಗು ಎರಡೂ ಎದ್ದುಕಾಣುತ್ತಿದ್ದರೆ ಬ್ರೇಸುಗಳು ಸಾಲದಾಗಿವೆ. ಬಳಿಕ ನೆಕ್ಕಿನ ಎರಡೂ ಅಂಚುಗಳ ಮೇಲೆ ಬೆರಳಾಡಿಸಿ. ಫ್ರೆಟ್ಟುಗಳ ತುದಿ ಚುಚ್ಚಿದರೆ ಫಿಂಗರ್‌ಬೋರ್ಡಿನ ಮರ ಒಣಗಿ ಕುಗ್ಗಿದೆ. ಕೊನೆಗೆ ನಾದರಂಧ್ರದೊಳಗೆ ಸಣ್ಣ ಕನ್ನಡಿಯನ್ನು ಇಳಿಸಿ, ಮೊಬೈಲಿನ ಬೆಳಕಿನಲ್ಲಿ ಮೇಲ್ಹಲಗೆಯ ಒಳಮೈಯನ್ನು ನೋಡಿ. ಬ್ರೇಸುಗಳ ತುದಿ ಹಲಗೆಗೆ ಕೂದಲೆಳೆಯೂ ತೂರದಂತೆ ಕೂತಿರಬೇಕು, ಅಂಟು ಹನಿಹನಿಯಾಗಿ ಇಳಿದು ಒಣಗಿರಬಾರದು. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಿದವರು ಹೊರಗೂ ಮಾಡಿರುತ್ತಾರೆ. ಆಮೇಲೆ ನುಡಿಸಿ. ಒಂದೊಂದೇ ತಂತಿಯ ಒಂದೊಂದೇ ಸ್ವರವನ್ನು ಮೇಲಿನವರೆಗೂ ಮೀಟುತ್ತ ಹೋಗಿ, ಎಲ್ಲಾದರೂ ಒಂದು ಸ್ವರ ಉಳಿದವುಗಳಿಗಿಂತ ಬೇಗ ಆರುತ್ತದೆಯೇ ಎಂದು ಕಿವಿಗೊಡಿ. ಒಂದೆರಡು ಕಡೆ ಹಾಗಾಗುವುದು ಎಲ್ಲ ಗಿಟಾರುಗಳ ಸ್ವಭಾವ. ಬಹಳ ಕಡೆ ಆದರೆ ಯೋಚಿಸಬೇಕು.

ನಮ್ಮ ನಾಡಿನವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಕಾರ್ಯಾಗಾರದ ಗಾಳಿಯ ತೇವಾಂಶಕ್ಕೆ. ಮರವು ತೇವ ಹೀರಿದಾಗ ಎಳೆಗಳ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ತೇವಾಂಶ ಶೇಕಡಾ 90ರ ಹತ್ತಿರ ಹೋಗುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ ಬೆಂಗಳೂರಿನಲ್ಲಿ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಅಮೆರಿಕದ ಮನೆಯೊಳಗೆ ಇನ್ನೂ ಕಡಿಮೆಯಾಗಬಹುದು. ಹಿಗ್ಗಿದ ಸ್ಥಿತಿಯಲ್ಲಿ ಅಂಟಿಸಿ ಕಟ್ಟಿದ ಗಿಟಾರ್ ಒಣಹವೆಗೆ ಹೋದಾಗ, ಅಡ್ಡಡ್ಡಲಾಗಿ ಕೂತ ಬ್ರೇಸುಗಳು ಹಲಗೆಯನ್ನು ಕುಗ್ಗಲು ಬಿಡದ ಕಾರಣ ಹಲಗೆ ಸೀಳುತ್ತದೆ. ಶೇಕಡಾ 40ರಿಂದ 50ರ ನಡುವೆ ಕಟ್ಟಿದ್ದು ತೇವದ ಊರಿಗೆ ಬಂದರೆ ಹಲಗೆ ಉಬ್ಬಿ ಆಕ್ಷನ್, ಎಂದರೆ ಫ್ರೆಟ್ಟುಗಳಿಂದ ತಂತಿಗಿರುವ ಎತ್ತರ, ಏರುತ್ತದೆ, ಅಷ್ಟೇ, ಅದನ್ನು ಸರಿಪಡಿಸಬಹುದು. ಹಾಗಾಗಿ ಒಳ್ಳೆಯ ಕಾರ್ಯಾಗಾರದಲ್ಲಿ ತೇವಾಂಶ ತೋರಿಸುವ ಮಾಪಕವೂ ಅದನ್ನು ಹಿಡಿತದಲ್ಲಿಡುವ ಯಂತ್ರವೂ ಇರಲೇಬೇಕು. ಹೋದಾಗ ಗೋಡೆಯ ಮೇಲಿನ ಮಾಪಕ ಎಷ್ಟು ತೋರಿಸುತ್ತಿದೆ ಎಂದು ನೋಡಿ, ಮಳೆಗಾಲದಲ್ಲಿ ಬ್ರೇಸ್ ಅಂಟಿಸುತ್ತೀರಾ ಎಂದು ಕೇಳಿ. ಮರ ಚೆನ್ನಾಗಿ ಒಣಗಿದೆ, ಏನೂ ಆಗುವುದಿಲ್ಲ ಎಂದಷ್ಟೇ ಹೇಳುವವರು ಎಷ್ಟೇ ನುರಿತವರಾಗಿದ್ದರೂ ಅವರಿಗೆ ಮುಂಗಡ ಕೊಡಬೇಡಿ, ವಾದ್ಯ ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಹೋಗುವುದಾದರೆ ಖಂಡಿತ ಕೊಡಬೇಡಿ.

ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಮುಂದೆ ಈ ನೆಕ್ಕನ್ನು ಬಿಚ್ಚುವುದು ಹೇಗೆ? ಎಷ್ಟೇ ಚೆನ್ನಾಗಿ ಕಟ್ಟಿದರೂ ಸ್ಟೀಲ್ ತಂತಿಯ ಗಿಟಾರಿನ ನೆಕ್ಕಿನ ಕೋನ ಕಾಲಾಂತರದಲ್ಲಿ ಬದಲಾಗುತ್ತದೆ, ಆಗ ಅದನ್ನು ಬಿಚ್ಚಿ ಮತ್ತೆ ಕೂರಿಸಬೇಕಾಗುತ್ತದೆ. ಬೋಲ್ಟಿನಿಂದ ಬಿಗಿದಿದ್ದರೆ ಆ ಕೆಲಸ ಸಲೀಸು. ಬಿಸಿಗೆ ಸಡಿಲವಾಗುವ ಅಂಟಿನಿಂದ, ಒಂದರೊಳಗೊಂದು ಕಚ್ಚಿಕೊಳ್ಳುವ ಡವ್‌ಟೇಲ್ ಜೋಡಣೆ ಮಾಡಿದ್ದರೂ ಹಬೆಯ ಸಹಾಯದಿಂದ ಬಿಚ್ಚಬಹುದು. ಎಪಾಕ್ಸಿ ಹಾಕಿ ಶಾಶ್ವತವಾಗಿ ಅಂಟಿಸಿದ್ದರೆ ಬಿಚ್ಚುವವರು ಸಿಗುವುದೇ ಕಷ್ಟ. ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ತಯಾರಕರು ತಮ್ಮ ವಾದ್ಯದ ಮೂವತ್ತು ವರ್ಷದ ಮುಂದಿನ ಬಾಳಿನ ಬಗ್ಗೆ ಎಷ್ಟು ಯೋಚಿಸಿದ್ದಾರೆಂಬುದು ತಿಳಿದುಬರುತ್ತದೆ. ಗಿಟಾರ್ ರಿಪೇರಿ ಮಾಡುವ ಅನುಭವವೂ ಉಳ್ಳ ತಯಾರಕರಿಗೆ ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕಾಗಿಯೇ: ಇತರರ ವಾದ್ಯಗಳು ಎಲ್ಲಿ ಸೋತವೆಂಬುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ.

ಈಗ ಮರದ ಮಾತಿಗೆ ಬರಬಹುದು. ಪಶ್ಚಿಮ ಘಟ್ಟದ ಬೀಟೆ, ಎಂದರೆ ಇಂಡಿಯನ್ ರೋಸ್‌ವುಡ್, ಜಗತ್ತಿನ ಗಿಟಾರ್ ತಯಾರಕರೆಲ್ಲರಿಗೂ ಪರಿಚಿತವಾದ ಮರ. ಬ್ರೆಜಿಲ್ ರೋಸ್‌ವುಡ್‌ನ ವ್ಯಾಪಾರವನ್ನು 1992ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದವು ಅತಿ ಬಿಗಿಯಾದ ಪಟ್ಟಿಗೆ ಸೇರಿಸುವುದಕ್ಕೂ ಎಷ್ಟೋ ಮೊದಲೇ ನಮ್ಮ ಬೀಟೆ ಅದರ ಸ್ಥಾನಕ್ಕೆ ಬಂದಿತ್ತು. 2017ರ ಜನವರಿಯಿಂದ ಬೀಟೆಯೂ ಸೇರಿದಂತೆ ಆ ಕುಲದ ಎಲ್ಲ ಮರಗಳಿಗೂ ನಿಯಂತ್ರಣ ಬಂದು ಗಿಟಾರನ್ನು ಗಡಿ ದಾಟಿಸಿ ಮಾರಲು ಪರವಾನಗಿ ಬೇಕಾಯಿತು. 2019ರ ನವೆಂಬರಿನಿಂದ ಸಿದ್ಧಗೊಂಡ ಸಂಗೀತ ವಾದ್ಯಗಳಿಗೆ ಆ ನಿಯಮದಿಂದ ವಿನಾಯಿತಿ ದೊರೆತಿದೆ. ಬ್ರೆಜಿಲ್ ರೋಸ್‌ವುಡ್‌ಗೆ ಈ ವಿನಾಯಿತಿ ಇಲ್ಲ, ಆದ್ದರಿಂದ ಅದರ ಆಸೆ ಬಿಡುವುದೇ ಲೇಸು. ಬೀಟೆ ಮರವನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅಳಿವಿನ ಅಪಾಯ ಎದುರಿಸುತ್ತಿರುವ ಮರವಿದು. ಎಲ್ಲಿಂದ ತಂದದ್ದೆಂದು ಕೇಳಿ, ಖರೀದಿಯ ರಸೀದಿಯ ಪ್ರತಿಯನ್ನು ಪಡೆದುಕೊಳ್ಳಿ. ಊರಿನ ಹಳೆಯ ಮನೆ ಕೆಡವಿದಾಗ ಉಳಿದ ಬೀಟೆಯ ತೊಲೆ ನಿಮ್ಮಲ್ಲಿದ್ದರೆ ತಯಾರಕರಿಗೆ ತೋರಿಸಬಹುದು, ಆದರೆ ಮೊಳೆಯ ತೂತಿಲ್ಲದೆ, ಎಳೆ ನೇರವಾಗಿರುವಂತೆ ಸೀಳಲು ಬಂದರೆ ಮಾತ್ರ ಅದು ಗಿಟಾರಿಗೆ ಆದೀತು. ಆಗದೆಂದು ಅವರು ಹೇಳಿದರೆ ಒಪ್ಪಿಕೊಳ್ಳಬೇಕು. ಮೇಲ್ಹಲಗೆಯ ಆಯ್ಕೆಯನ್ನಂತೂ ಪೂರ್ತಿ ಅವರಿಗೇ ಬಿಡಿ.

ಪಾಲಿಶ್ ವಿಚಾರದಲ್ಲಿ ಒಂದು ಮಾತು ಸಾಕು. ಅರಗಿನಿಂದ ಮಾಡುವ ಫ್ರೆಂಚ್ ಪಾಲಿಶ್ ತೆಳುವಾಗಿ ಕೂತು ನಾದಕ್ಕೆ ಅಡ್ಡಬರುವುದಿಲ್ಲ, ಆದರೆ ಬೆವರಿಗೆ ಬೇಗ ಮಂಕಾಗುತ್ತದೆ. ಕರಾವಳಿಯವರು ಮತ್ತು ವೇದಿಕೆಯಲ್ಲಿ ಬಹಳ ಹೊತ್ತು ನುಡಿಸುವವರು ಗಟ್ಟಿಯಾದ ಲೇಪವನ್ನೇ ಕೇಳುವುದು ವಾಸಿ.

ಮಾತುಕತೆ ಮುಗಿದ ಮೇಲೆ ಎಲ್ಲವೂ ಬರವಣಿಗೆಗೆ ಇಳಿಯಬೇಕು, ಸ್ನೇಹ ಎಷ್ಟೇ ಬೆಳೆದಿದ್ದರೂ. ದೇಹದ ಆಕಾರ, ತಂತಿಯ ಉದ್ದ, ನಟ್ ಅಗಲ, ಬ್ರಿಡ್ಜಿನಲ್ಲಿ ತಂತಿಗಳ ಅಂತರ, ನೆಕ್ಕಿನ ದಪ್ಪ, ಜೋಡಣೆಯ ಬಗೆ, ಮರಗಳು, ಲೇಪ, ಪಿಕಪ್ ಬೇಕೇ ಬೇಡವೇ ಎಂಬುದು ಒಂದು ಹಾಳೆಯಲ್ಲಿರಲಿ. ಒಟ್ಟು ಬೆಲೆಯಲ್ಲಿ ಗಟ್ಟಿ ಪೆಟ್ಟಿಗೆ, ತೆರಿಗೆ, ಸಾಗಣೆ, ವಿಮೆ ಸೇರಿವೆಯೇ ಎಂದು ಸ್ಪಷ್ಟಪಡಿಸಿಕೊಳ್ಳಿ. ವಿದೇಶದ ತಯಾರಕರಿಂದ ತರಿಸುವವರು ಆಮದು ಸುಂಕವನ್ನು ಮೊದಲೇ ವಿಚಾರಿಸಿರಬೇಕು. ಮುಂಗಡ ಎಷ್ಟು, ಉಳಿದದ್ದನ್ನು ಯಾವ ಹಂತದಲ್ಲಿ ಕೊಡಬೇಕು, ತಡವಾದರೆ ಅಥವಾ ಕೆಲಸ ನಿಂತುಹೋದರೆ ಮುಂಗಡದ ಗತಿಯೇನು ಎಂಬುದೂ ಅಲ್ಲೇ ಇರಲಿ. ಹೆಸರಾಂತ ತಯಾರಕರಲ್ಲಿ ಸರದಿಗಾಗಿ ಎರಡು ಮೂರು ವರ್ಷ ಕಾಯುವುದು ಅಪರೂಪವಲ್ಲ, ಅದರಲ್ಲಿ ತಪ್ಪೂ ಇಲ್ಲ; ತಪ್ಪು ಇರುವುದು ಮೂರು ತಿಂಗಳೆಂದು ಹೇಳಿ ವರ್ಷಗಟ್ಟಲೆ ಉತ್ತರ ಕೊಡದಿರುವುದರಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ವಾದ್ಯ ಕೈಸೇರಿದ ಬಳಿಕ ಕೆಲವು ದಿನಗಳ ಪರೀಕ್ಷೆಯ ಅವಧಿ ಇರಬೇಕು, ಒಪ್ಪಿಗೆಯಾಗದಿದ್ದರೆ ಮರಳಿಸುವ ಅವಕಾಶವಿರಬೇಕು. ಹೆಸರನ್ನೋ ಮನೆದೇವರ ಚಿತ್ರವನ್ನೋ ಫಿಂಗರ್‌ಬೋರ್ಡಿನಲ್ಲಿ ಕೂರಿಸಿಕೊಡಿ ಎಂದು ಕೇಳಿದರೆ ಈ ಅವಕಾಶ ಸಾಮಾನ್ಯವಾಗಿ ಇಲ್ಲವಾಗುತ್ತದೆ, ಏಕೆಂದರೆ ಅಂಥ ಗಿಟಾರನ್ನು ಅವರು ಬೇರೆಯವರಿಗೆ ಮಾರಲಾರರು.

ಗಿಟಾರ್ ದೂರದಿಂದ ಬಂದಿದ್ದರೆ ಪೆಟ್ಟಿಗೆಯನ್ನು ಆತುರದಿಂದ ತೆರೆಯದೆ ಒಂದು ದಿನ ಕೋಣೆಯಲ್ಲೇ ಇಟ್ಟು, ಒಳಗಿನ ಮರ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ಪರೀಕ್ಷೆಯ ಅವಧಿಯಲ್ಲಿ ದಿನವೂ ನುಡಿಸಿ, ಹಳೆಯ ಗಿಟಾರಿನಲ್ಲಿ ನೋಡಿದ್ದನ್ನೆಲ್ಲ ಇದರಲ್ಲೂ ನೋಡಿ, ಅನುಮಾನ ಬಂದದ್ದನ್ನು ಚಿತ್ರ ಸಹಿತ ಬರೆದು ಕಳುಹಿಸಿ. ಹೊಸ ಗಿಟಾರಿನ ಮರ ಮೊದಲ ಕೆಲವು ತಿಂಗಳು ಎಳೆತಕ್ಕೆ ಒಗ್ಗಿಕೊಳ್ಳುತ್ತಿರುತ್ತದೆ. ಹಾಗಾಗಿ ಆರು ತಿಂಗಳ ಮೇಲೆ, ಸಾಧ್ಯವಾದರೆ ಒಂದು ಮಳೆಗಾಲವೋ ಒಂದು ಬೇಸಿಗೆಯೋ ಕಳೆದ ಮೇಲೆ, ಆಕ್ಷನ್ ಮತ್ತು ನೆಕ್ಕಿನ ಬಾಗನ್ನು ಹೊಂದಿಸುವ ಟ್ರಸ್ ರಾಡ್ ಸರಿಪಡಿಸಲು ತಯಾರಕರ ಬಳಿಗೇ ಒಯ್ಯಿರಿ. ಆ ಭೇಟಿಗೆ ಹೋಗುವಾಗ ನೀವು ನಿತ್ಯ ಬಳಸುವ ದಪ್ಪದ ತಂತಿಗಳನ್ನೇ ಹಾಕಿಕೊಂಡು ಹೋಗಿ, ಏಕೆಂದರೆ ಬೇರೆ ದಪ್ಪದ ತಂತಿಗೆ ಹೊಂದಿಸಿದ ಆಕ್ಷನ್ ಮನೆಗೆ ಬಂದು ತಂತಿ ಬದಲಿಸಿದೊಡನೆ ಮತ್ತೆ ತಪ್ಪುತ್ತದೆ.