ಮೂಗುಬೊಟ್ಟಿನ ಮೇಲೆ ಒಂದು ನಕ್ಷತ್ರ

ಮದುವೆ ಫೋಟೋ ತೆಗೆದು ಆಲ್ಬಮ್ ಡಿಸೈನ್ ಮಾಡುವುದು ನನ್ನ ಕೆಲಸ. ಒಂದು ಸಲ ಮದುಮಗಳ ಅಮ್ಮ ಬಂದು ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಸ್ಕ್ರೀನಿನಲ್ಲಿ ಮಗಳ ಕ್ಲೋಸಪ್. "ತಮ್ಮಾ, ಏಳು ಕಲ್ಲಿನ ಮೂಗುಬೊಟ್ಟು ಅದು, ನಮ್ಮತ್ತೇದು. ಇಲ್ಲಿ ನೋಡಿದ್ರೆ ಗಾಜಿನ ಚೂರಿನ ಥರ ಕಾಣ್ತಿದೆ. ಫಳ್ ಅಂತ ಹೊಳೀಬೇಕಪ್ಪ."

ತಪ್ಪು ನನ್ನದೇ. ಫ್ಲ್ಯಾಶಿಗೆ ಬಿಳಿ ಬಟ್ಟೆ ಮುಚ್ಚಿದ ದೊಡ್ಡ ಸಾಫ್ಟ್‌ಬಾಕ್ಸ್ ಇಟ್ಟು ತೆಗೆದಿದ್ದೆ. ಆ ಮೆತ್ತನೆ ಬೆಳಕಿನಲ್ಲಿ ಮುಖ ಚೆನ್ನಾಗಿ ಬರುತ್ತದೆ, ವಜ್ರ ಮಾತ್ರ ಮಂಕಾಗುತ್ತದೆ.

ಮೊದಲು ಸುಲಭದ ದಾರಿ ಹಿಡಿದೆ. ಫೋಟೋಶಾಪಿನಲ್ಲಿ ಫೋಟೋದ ಮೇಲೆ ಕಪ್ಪು ತುಂಬಿದ ಒಂದು ಲೇಯರ್ (ಪದರ) ಮಾಡಿ, ಅದರ ಮೇಲೆ ಲೆನ್ಸ್ ಫ್ಲೇರ್ ಫಿಲ್ಟರ್ ಹಾಕಿ, ಪದರಗಳು ಬೆರೆಯುವ ಬಗೆಯನ್ನು, ಅಂದ್ರೆ ಬ್ಲೆಂಡ್ ಮೋಡನ್ನು, 'ಸ್ಕ್ರೀನ್' ಮಾಡಿದೆ. ಕಪ್ಪು ಮಾಯವಾಗಿ ಬೆಳಕು ಉಳಿಯಿತು, ಜೊತೆಗೆ ಹುಡುಗಿಯ ಗಲ್ಲದವರೆಗೂ ಬಣ್ಣದ ಉಂಗುರಗಳು ಸಾಲಾಗಿ ನಿಂತವು. ಅದು ಸೂರ್ಯನಿಗೆ ಎದುರಾಗಿ ತೆಗೆದ ಫೋಟೋಗೆ ಸರಿ, ಮೂಗಿಗಲ್ಲ. ಆಮೇಲೆ ರೆಡಿಮೇಡ್ ನಕ್ಷತ್ರದ ಪಿಎನ್‌ಜಿ ಒಂದನ್ನು ತಂದು ಇಟ್ಟೆ. ಸ್ಟಿಕರ್ ಅಂಟಿಸಿದ ಹಾಗೇ ಇತ್ತು.

ನಿಜವಾದ ಬೆಳಕು ಹೇಗೆ ಹೊಳೆಯುತ್ತದೆ ಅಂತ ಆ ರಾತ್ರಿ ಮನೆ ಮುಂದಿನ ಬೀದಿದೀಪದ ಫೋಟೋ ತೆಗೆದು ನೋಡಿದೆ, ಎಫ್ 16ರಲ್ಲಿ, ಅಂದ್ರೆ ಲೆನ್ಸಿನ ತೂತು ತುಂಬಾ ಚಿಕ್ಕದು ಮಾಡಿ. ಆ ತೂತನ್ನು ಹಿಗ್ಗಿಸಿ ಕುಗ್ಗಿಸಲು ನನ್ನ 50 ಎಂಎಂ ಲೆನ್ಸಿನೊಳಗೆ 7 ಬ್ಲೇಡು. ದೀಪದಿಂದ ಹೊರಟ ಗೆರೆಗಳನ್ನು ಎಣಿಸಿದರೆ 14. ಬ್ಲೇಡು ಬೆಸ ಸಂಖ್ಯೆಯಲ್ಲಿದ್ದರೆ ಗೆರೆ ಎರಡು ಪಟ್ಟು, ಸಮ ಸಂಖ್ಯೆಯಲ್ಲಿದ್ದರೆ ಅಷ್ಟೇ ಗೆರೆ. ಬ್ಲೇಡಿನ ಅಂಚಿಗೆ ತಾಗಿದ ಬೆಳಕು ಹರಡುವುದರಿಂದ ಹೀಗಾಗುತ್ತದೆ. (ಹಬಲ್ ಟೆಲಿಸ್ಕೋಪಿನ ಚಿತ್ರಗಳಲ್ಲಿ ನಕ್ಷತ್ರಕ್ಕೆ ನಾಲ್ಕು ಕೋಲು ಇರುತ್ತವಲ್ಲ, ಅದಕ್ಕೂ ಇದೇ ಕಾರಣ. ಅಲ್ಲಿ ಬ್ಲೇಡಿನ ಬದಲು ಒಳಗಿನ ಚಿಕ್ಕ ಕನ್ನಡಿಯನ್ನು ಹಿಡಿದಿರುವ ನಾಲ್ಕು ಪಟ್ಟಿಗಳು.) ನನ್ನ ಫೋಟೋದಲ್ಲಿ ಇನ್ನೂ ಒಂದು ವಿಷಯ ಕಣ್ಣಿಗೆ ಬಿತ್ತು. ದೀಪದ ನಡು ಅಚ್ಚ ಬಿಳಿ. ಹಳದಿ ಇದ್ದದ್ದು ಸುತ್ತಲಿನ ಮಬ್ಬಿನಲ್ಲಿ ಮಾತ್ರ. ನಾನು ಇಷ್ಟು ದಿನ ನಡುವಿಗೇ ಬಣ್ಣ ಬಳಿಯುತ್ತಿದ್ದೆ!

ಮರುದಿನ ಎಲ್ಲಾ ಅಳಿಸಿ ಕೈಯಲ್ಲೇ ಮಾಡಲು ಕೂತೆ. ಖಾಲಿ ಲೇಯರಿನಲ್ಲಿ ಸಾಫ್ಟ್ ಬ್ರಷ್‌ನಿಂದ 40 ಪಿಕ್ಸೆಲ್‌ನ ಒಂದೇ ಒಂದು ಬಿಳಿ ಚುಕ್ಕೆ. ಕಂಟ್ರೋಲ್ ಟಿ ಒತ್ತಿ ಅಗಲ 600 ಪರ್ಸೆಂಟ್, ಎತ್ತರ 4 ಪರ್ಸೆಂಟ್ ಕೊಟ್ಟರೆ ಚುಕ್ಕೆ ಚಪ್ಪಟೆಯಾಗಿ, ಎರಡೂ ತುದಿ ಸಣ್ಣಗಾದ ಸೂಜಿಯಾಗುತ್ತದೆ. ಅದರ ಕಾಪಿ ತೆಗೆದು 90 ಡಿಗ್ರಿ ತಿರುಗಿಸಿದೆ. ಇನ್ನೆರಡು ಕಾಪಿ ಅವುಗಳ ನಡುವೆ ಓರೆಯಾಗಿ, ಅರ್ಧ ಉದ್ದ. 14 ಗೆರೆ ಹಾಕಲು ಹೋಗಲಿಲ್ಲ, ಅಷ್ಟು ಪುಟ್ಟ ಕಲ್ಲಿಗೆ ಅದು ಮುಳ್ಳುಹಂದಿ ಆಗುತ್ತಿತ್ತು. ಎಲ್ಲವನ್ನೂ ಒಟ್ಟಿಗೆ 12 ಡಿಗ್ರಿ ವಾಲಿಸಿದೆ, ಯಾಕಂದ್ರೆ ನೆಟ್ಟಗೆ ನಿಂತರೆ ಮೆಡಿಕಲ್ ಶಾಪಿನ ಪ್ಲಸ್ ಗುರುತು ಅನ್ನಿಸುತ್ತದೆ. ನಡುವೆ ಒಂದು ಗಟ್ಟಿ ಬಿಳಿ ಚುಕ್ಕೆ, ಕೆಳಗಿನ ಲೇಯರಿನಲ್ಲಿ ತಿಳಿ ಕಿತ್ತಳೆಯ ದೊಡ್ಡ ಚುಕ್ಕೆಗೆ ಮಸುಕು ಮಾಡುವ ಗಾಸಿಯನ್ ಬ್ಲರ್ 30. ಎಲ್ಲಾ ಲೇಯರೂ ಸ್ಕ್ರೀನ್ ಮೋಡ್.

ಆದರೂ ಹೊಳೆಯಲಿಲ್ಲ. ಅರ್ಧ ಗಂಟೆ ಒಪಾಸಿಟಿ (ಪದರ ಎಷ್ಟು ಗಾಢ ಅನ್ನೋದು) ಏರಿಸಿ ಇಳಿಸಿ ಸುಮ್ನೆ ಕಾಲ ಕಳೆದೆ.

ಕೊನೆಗೆ ಲೆಕ್ಕ ಹಾಕಿದೆ. ಸ್ಕ್ರೀನ್ ಮೋಡ್ ಎರಡು ಬೆಳಕನ್ನು ನೇರ ಕೂಡಿಸುವುದಿಲ್ಲ, 255ಕ್ಕೆ (0 ಅಂದ್ರೆ ಅಚ್ಚ ಕಪ್ಪು, 255 ಅಂದ್ರೆ ಅಚ್ಚ ಬಿಳಿ) ಇನ್ನು ಎಷ್ಟು ಬಾಕಿ ಇದೆಯೋ ಅದರಲ್ಲಿ ಒಂದು ಪಾಲು ತುಂಬುತ್ತದೆ. ಹುಡುಗಿಯ ಮೂಗಿನ ಮೇಲೆ ಚರ್ಮದ ಹೊಳಪು ಆಗಲೇ 200 ಇತ್ತು. ಅದರ ಮೇಲೆ 128ರ ಬೆಳಕು ಹಾಕಿದರೆ 228 ಆಗುತ್ತದೆ, ಅಷ್ಟೇ. ಅದೇ 40ರ ಕತ್ತಲಿನ ಮೇಲೆ ಹಾಕಿದರೆ 148ಕ್ಕೆ ಹೋಗುತ್ತದೆ. ನನ್ನ ನಕ್ಷತ್ರದಲ್ಲಿ ಏನೂ ಕೊರತೆ ಇರಲಿಲ್ಲ, ಅದಕ್ಕೆ ಜಾಗವೇ ಇರಲಿಲ್ಲ.

ನಕ್ಷತ್ರದ ಕೆಳಗೆ, ಕತ್ತಲು ಮಾಡುವ ಮಲ್ಟಿಪ್ಲೈ ಮೋಡಿನ ಲೇಯರ್ ಹಾಕಿ, ಚರ್ಮದ್ದೇ ಕಂದು ಬಣ್ಣ ಆರಿಸಿಕೊಂಡು, ದೊಡ್ಡ ಮೆತ್ತನೆ ಬ್ರಷ್‌ನಲ್ಲಿ ಮೂಗಿನ ಹೊಳ್ಳೆಯ ಸುತ್ತ 15 ಪರ್ಸೆಂಟ್ ಒಪಾಸಿಟಿಯಲ್ಲಿ ಎರಡು ಸಲ ಸವರಿದೆ. ಮೂರನೇ ಸಲ ಸವರಿದಾಗ ಏಟು ಬಿದ್ದ ಗಾಯದ ಥರ ಕಂಡಿತು, ಅನ್‌ಡೂ ಮಾಡಿದೆ. ಕಲ್ಲುಗಳ ನಡುವಿನ ಸಂದುಗಳನ್ನೂ ಬರ್ನ್ ಟೂಲಿನಿಂದ ಒಂಚೂರು ಕಪ್ಪು ಮಾಡಿದೆ. ಏಳರಲ್ಲಿ ಒಂದೇ ಕಲ್ಲಿಗೆ ನಕ್ಷತ್ರ, ಬೆಳಕು ಬರುತ್ತಿದ್ದ ಕಡೆಯ ಕಲ್ಲಿಗೆ. ಕೊನೆಗೆ 1 ಪರ್ಸೆಂಟ್ ನಾಯ್ಸ್, ಅಂದ್ರೆ ಸಣ್ಣ ಕಾಳುಕಾಳು. ಅದಿಲ್ಲದಿದ್ದರೆ ಮಬ್ಬಿನ ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದುಂಡನೆ ಪಟ್ಟೆಗಳು ಕಾಣುತ್ತವೆ.

ಮದುಮಗಳ ಅಮ್ಮ ಮತ್ತೆ ಬಂದರು. ಮೂಗುಬೊಟ್ಟು ನೋಡಿ ಖುಷಿಯೋ ಖುಷಿ. "ಹಾಗೇ ಓಲೆಗೊಂದು ಹಾಕ್ಬಿಡು. ಸರಕ್ಕೆ, ವಂಕಿಗೆ, ಡಾಬಿಗೂ." ಓಲೆಗೆ ಅರ್ಧ ಸೈಜಿನದ್ದೊಂದು ಹಾಕಿಕೊಟ್ಟೆ, ಅದೇ 12 ಡಿಗ್ರಿಯಲ್ಲಿ. ಉಳಿದದ್ದಕ್ಕೆ ಆಗಲ್ಲ ಅಂದೆ. ಸೋಮಾರಿ ಹುಡುಗ ಅಂತ ಅವರು ಈಗಲೂ ಅಂದುಕೊಂಡಿರಬೇಕು.